ಪಾಸ್ಕಲನ ಫೋಟೋ ಮತ್ತು ನನ್ನ ಒಳಜೇಬು

ಮದ್ರಾಸಿನ ಕಳ್ಳ ನನ್ನ ಕೋಟನ್ನು ಕೊಯ್ದ ಚಂದವನ್ನು ನೀವೊಮ್ಮೆ ನೋಡಬೇಕಿತ್ತು. ಹೊರಗಿನ ಬಟ್ಟೆ, ಅದರೊಳಗಿನ ಲೈನಿಂಗ್, ಲೈನಿಂಗಿನೊಳಗೆ ಗುಟ್ಟಾಗಿ ಹೊಲಿಸಿದ್ದ ಜೇಬು, ಮೂರೂ ಒಂದೇ ಗೀಟಿಗೆ! ನನ್ನ ಮೈಗೆ ಒಂದು ಗೆರೆಯೂ ಬಿದ್ದಿಲ್ಲ.

"ಇದು ಕತ್ತರಿ ಅಲ್ಲ ಮಾಸ್ಟ್ರೇ, ಬ್ಲೇಡು" ಎಂದರು ಕಾರ್ಮಿನ್ ಬಾಯಿ. ಅವರಿಗೆ ತಿಳಿಯದೆ ಇರುತ್ತದೆಯೇ? ಆ ಒಳಜೇಬನ್ನು ಹೊಲಿದುಕೊಟ್ಟವರೇ ಅವರು.

ಎರಡು ತಿಂಗಳ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ, ದೊಡ್ಡ ಪಟ್ಟಣ ನೋಡಲು ಹೋಗುವವರಿಗೆ ನಾನು ಉಪದೇಶ ಮಾಡಿದ್ದು ನಿಮಗೆ ನೆನಪಿರಬಹುದು. ಬೆಲೆಬಾಳುವುದನ್ನು ಎದೆಯ ಹತ್ತಿರ ಇಟ್ಟುಕೊಳ್ಳಿ. ಆಗಾಗ ಮುಟ್ಟಿ ನೋಡಿಕೊಳ್ಳಿ. ಅಪರಿಚಿತರೊಡನೆ ಮಾತು ಬೇಡ. (ಅಗಲ್ಪಾಡಿಯ ಓದುಗರೊಬ್ಬರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದೇನೆಂದು ಕಾರ್ಡು ಬರೆದಿದ್ದರು. ದಯವಿಟ್ಟು ಕಿತ್ತುಹಾಕಿ ಸ್ವಾಮೀ.)

ಕಾರ್ಮಿನ್ ಬಾಯಿ ನಮ್ಮ ನೆರೆಮನೆಯವರು. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಊರಿನ ಅರ್ಧ ಹೆಂಗಸರ ರವಕೆಗಳು ಅವರ ಮೆಷಿನ್ನಿನಲ್ಲೇ ಆಗುವುದು. ಒಬ್ಬನೇ ಮಗ ಪಾಸ್ಕಲ್ ಹದಿನೇಳು ತುಂಬುವ ಮೊದಲೇ ರಂಗೂನಿಗೆ ಹೋದ. ಮರದ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್ ಆದ. ಏಳು ವರ್ಷವಾದ ಮೇಲೆ ಒಂದು ಫೋಟೋ ಕಳಿಸಿದ. ಅದರ ಹಿಂದೆಯೇ ಯುದ್ಧ ಬಂತು. ರಂಗೂನಿನಿಂದ ನಡೆದು ಹೊರಟವರಲ್ಲಿ ಅವನೂ ಇದ್ದನೆಂದು ಯಾರೋ ಹೇಳಿದರು. ಯಾವ ಕಾಡಿನಲ್ಲಿ ಏನಾಯಿತೋ, ಅದನ್ನು ಹೇಳುವವರು ಯಾರೂ ಬರಲಿಲ್ಲ.

ಫೋಟೋ ಮಾತ್ರ ಉಳಿಯಿತು.

"ಕಣ್ಣು ಮುಚ್ಚಿದ್ರೆ ಚಡ್ಡಿ ಹಾಕಿದ ಹುಡುಗನೇ ಬರ್ತಾನೆ ಮಾಸ್ಟ್ರೇ. ದೊಡ್ಡವನಾದ ಮೇಲಿನ ಮುಖ ನಾನು ಕಂಡದ್ದು ಇದ್ರಲ್ಲಿ ಮಾತ್ರ" ಎಂದು ಬಾಯಿ ಒಮ್ಮೆ ನನ್ನ ಹೆಂಡತಿಯ ಮುಂದೆಯೇ ಹೇಳಿದ್ದರು.

ಆ ಫೋಟೋ ನಮ್ಮ ಕಡೆಯ ಮಳೆಗಾಲಗಳಿಗೆ ಹಳದಿಯಾಗುತ್ತ ಬಂತು. ಮಂಗಳೂರಿನ ಫೋಟೋಗ್ರಾಫರ್ ಒಬ್ಬರು ನೋಡಿ, "ಇದನ್ನು ಮುಟ್ಲಿಕ್ಕೆ ನನಗೆ ಧೈರ್ಯ ಇಲ್ಲ. ಮದ್ರಾಸಿನಲ್ಲಿ ಒಂದು ಸ್ಟುಡಿಯೋ ಉಂಟು, ಅವರು ಹೊಸ ಕಾಪಿ ತೆಗೆದು ದೊಡ್ಡದು ಮಾಡಿ ಕೊಡ್ತಾರೆ" ಎಂದರು. ಒಂಟಿ ಹೆಂಗಸು ಮದ್ರಾಸಿಗೆ ಹೋಗುವುದು ಹೇಗೆ? ನಮ್ಮ ಶಾಲೆಗೆ ಮಧ್ಯಾವಧಿ ರಜೆ ಇತ್ತು. ನಾನು ಬರುತ್ತೇನೆ ಎಂದೆ. (ಮದ್ರಾಸು ನೋಡಬೇಕೆಂಬ ಆಸೆ ನನಗೂ ಇತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?)

ಫೋಟೋವನ್ನು ನಾನೇ ಎಣ್ಣೆಕಾಗದದಲ್ಲಿ ಸುತ್ತಿದೆ. ನನ್ನ ಚರ್ಮದ ಪರ್ಸಿನೊಳಗೆ ಇಟ್ಟೆ. ಒಳಜೇಬಿಗೆ ಸೇರಿಸಿ ಗುಂಡಿ ಹಾಕಿದೆ. ಖರ್ಚಿನ ದುಡ್ಡನ್ನು ಬಾಯಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು.

"ಫೋಟೋ ನನ್ನ ಹತ್ರವೇ ಇರ್ಲಿ ಮಾಸ್ಟ್ರೇ" ಎಂದರು ರೈಲು ಹತ್ತುವಾಗ.

"ನೀವು ಎಂತ ಬಾಯಿ, ಅದು ಎಂಥಾ ಊರು ಅಂತ ನಿಮಗೆ ಗೊತ್ತುಂಟಾ? ನನ್ನಲ್ಲಿ ಇದ್ರೆ ಭದ್ರ" ಎಂದೆ.

ಭದ್ರ!

ಮರುದಿನ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದಾಗ ಬಾಯಿ ಹೇಳಿದ್ದು ಒಂದೇ ಮಾತು: "ಮೊದಲು ಸ್ಟುಡಿಯೋಕ್ಕೆ ಹೋಗುವ." ನಾನು ಕೇಳಿದೆನೇ? ಬಂದವರು ಮದ್ರಾಸು ನೋಡದೆ ಹೋಗುವುದೇ? "ಸ್ಟುಡಿಯೋ ಎಲ್ಲಿಗೆ ಓಡಿಹೋಗ್ತದೆ ಬಾಯಿ? ನಾಳೆ ಹೋಗುವ" ಎಂದುಬಿಟ್ಟೆ. ಆ ದಿನ ಮೃಗಶಾಲೆ ನೋಡಿದೆವು, ಸಮುದ್ರದ ದಂಡೆ ನೋಡಿದೆವು. ಮರುದಿನ ಬೆಳಿಗ್ಗೆ ಮ್ಯೂಸಿಯಂ. ಊರೂರಿಂದ ಬಂದ ಜನ ಅಲ್ಲಿ ಮೃಗಶಾಲೆಯನ್ನು ಜೀವ ಇರುವ ಕಾಲೇಜು ಎಂದೂ, ಮ್ಯೂಸಿಯಮ್ಮನ್ನು ಸತ್ತ ಕಾಲೇಜು ಎಂದೂ ಕರೆಯುತ್ತಾರೆ. ನನಗೆ ನಗು ಬಂತು. ಬಾಯಿ ತಿಮಿಂಗಿಲದ ಎಲುಬಿನ ಕೆಳಗೆ ನಿಂತು, "ಇನ್ನು ಹೋಗುವಾ?" ಎಂದರು.

ಸ್ಟುಡಿಯೋ ಕಡೆಗೆ ಹೋಗುವ ಟ್ರಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಯಿಗೆ ಹೆಂಗಸರ ನಡುವೆ ಸೀಟು ಸಿಕ್ಕಿತು. ನಾನು ಸರಳು ಹಿಡಿದು ನಿಂತೆ. ಎದುರಿಗೇ ಒಂದು ಬೋರ್ಡು, ತಮಿಳಿನಲ್ಲೂ ಇಂಗ್ಲಿಷಿನಲ್ಲೂ: ಜೇಬುಗಳ್ಳರಿದ್ದಾರೆ, ಎಚ್ಚರಿಕೆ. ಓದಿದೆ. ಕೈ ತಾನಾಗಿ ಎದೆಗೆ ಹೋಯಿತು. ಇದೆ. ಎರಡು ಸ್ಟಾಪು ಕಳೆದ ಮೇಲೆ ಇನ್ನೊಮ್ಮೆ ಮುಟ್ಟಿದೆ. ಇದೆ. ಒಬ್ಬ ಒಳ್ಳೆಯ ಬಟ್ಟೆಯ ಮನುಷ್ಯ ನನ್ನ ಕಾಲು ತುಳಿದು, ಕೈಮುಗಿದು, ಕ್ಷಮೆ ಕೇಳಿ ಇಳಿದುಹೋದ. ಎಷ್ಟು ಮರ್ಯಾದಸ್ಥರು ಈ ಊರಿನವರು ಎಂದುಕೊಂಡೆ.

ಮೂರನೆಯ ಸಲ ಮುಟ್ಟಿದಾಗ ಕೈಗೆ ನನ್ನ ಅಂಗಿಯೇ ಸಿಕ್ಕಿತು.

ಪೊಲೀಸ್ ಠಾಣೆಯ ಹೆಡ್ ಕಾನ್ಸ್ಟೇಬಲ್ ಒಳ್ಳೆಯ ಮನುಷ್ಯ. ಕೂರಲು ಬೆಂಚು ತೋರಿಸಿದ. ನನ್ನ ಹರಕು ತಮಿಳು ಅವನಿಗೆ ಅರ್ಥವಾಯಿತು.

"ಬೋರ್ಡು ಓದಿ ಮುಟ್ಟಿ ನೋಡಿದಿರಾ?"

"ನೋಡಿದೆ."

"ಎಲ್ಲರೂ ಹಾಗೇ ಮಾಡುತ್ತಾರೆ. ಕಳ್ಳ ನಿಂತಿರುವುದು ಬೋರ್ಡು ನೋಡಲಿಕ್ಕಲ್ಲ, ನಿಮ್ಮ ಕೈ ನೋಡಲಿಕ್ಕೆ" ಎಂದ. ಆಮೇಲೆ ಪೆನ್ಸಿಲ್ ತೆಗೆದು, "ಎಷ್ಟು ಹೋಯಿತು?" ಎಂದು ಕೇಳಿದ.

ದುಡ್ಡು ಹೋಗಲಿಲ್ಲ, ಒಂದು ಫೋಟೋ ಹೋಯಿತು ಎಂದೆ. ಅವನು ಪೆನ್ಸಿಲನ್ನು ಕೆಳಗಿಟ್ಟ. ಯಾರ ಫೋಟೋ? ಈ ಅಮ್ಮನ ಮಗನದ್ದು. ಹೆಡ್ ಕಾನ್ಸ್ಟೇಬಲನ ಮುಖದಲ್ಲಿ ಸಮಾಧಾನ ಮೂಡಿತು.

"ಅಷ್ಟೇ ತಾನೇ? ಮಗನನ್ನು ಕರೆದುಕೊಂಡು ಹೋಗಿ ಇನ್ನೊಂದು ತೆಗೆಸಲಿಕ್ಕೆ ಹೇಳಿ."

"ಎಂತ ಹೇಳಿದ್ರು ಮಾಸ್ಟ್ರೇ?" ಬಾಯಿ ನನ್ನ ಮುಖ ನೋಡಿದರು.

"ಹುಡುಕ್ತಾರಂತೆ" ಎಂದೆ.

ಹೊರಡುವಾಗ ಅವನೇ ಒಂದು ದಾರಿ ತೋರಿಸಿದ. ದುಡ್ಡಿಲ್ಲದ ಪರ್ಸನ್ನು ಕಳ್ಳರು ಇಟ್ಟುಕೊಳ್ಳುವುದಿಲ್ಲ, ಹತ್ತಿರದ ಚರಂಡಿಗೆ ಎಸೆದು ಹೋಗುತ್ತಾರೆ. ಹೋಗಿ ನೋಡಿ.

ನೋಡಿದೆವು. ಆ ಮಧ್ಯಾಹ್ನವಿಡೀ ಟ್ರಾಮಿನ ಹಾದಿಯುದ್ದಕ್ಕೂ ಇಬ್ಬರೂ ಬಗ್ಗಿಕೊಂಡು ನಡೆದೆವು. ನಾನು ಕೊಡೆಯ ತುದಿಯಿಂದ ಕೆದಕಿದೆ. ಬಾಯಿ ಸೀರೆ ಎತ್ತಿಕಟ್ಟಿ ಬರಿಗೈಯಿಂದಲೇ ಕೆದಕಿದರು. ಒಂದು ರೇಷನ್ ಕಾರ್ಡು ಸಿಕ್ಕಿತು. ಗುಂಡಿ ಬಿಚ್ಚಿದ ಎರಡು ಖಾಲಿ ಪರ್ಸುಗಳು ಸಿಕ್ಕಿದವು, ಎರಡೂ ನನ್ನದಲ್ಲ. ತೆಲುಗಿನಲ್ಲಿ ಬರೆದ ಒಂದು ಕಾಗದ ಸಿಕ್ಕಿತು. ಬಾಯಿ ಅದನ್ನು ಬಿಡಿಸಿ, ಒಂದು ಮೋರಿಕಟ್ಟೆಯ ಮೇಲೆ ಹರಡಿ, ಹಾರದಂತೆ ನಾಲ್ಕು ಮೂಲೆಗೆ ಕಲ್ಲಿಟ್ಟರು.

"ಅದು ಯಾಕೆ ಬಾಯಿ?"

"ಅವರೂ ಹುಡುಕ್ಕೊಂಡು ಬಂದ್ರೆ?"

ಸ್ಟುಡಿಯೋ ಅದೇ ಬೀದಿಯಲ್ಲಿತ್ತು. ಅದರ ಮುಂದಿನ ಚರಂಡಿಯನ್ನೂ ನೋಡಿ ಮುಂದೆ ಹೋದೆವು. ಗಾಜಿನೊಳಗೆ ಸಾಲಾಗಿ ಇಟ್ಟಿದ್ದ ಮದುಮಕ್ಕಳ ಫೋಟೋಗಳ ಕಡೆಗೆ ಬಾಯಿ ತಲೆ ಎತ್ತಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಅವರು ನನ್ನ ಕೋಟನ್ನು ಕೇಳಿ ತೆಗೆದುಕೊಂಡು, ಕೊಯ್ದದ್ದನ್ನು ಹೊಲಿದುಕೊಟ್ಟರು. ಒಂದು ಮಾತು ಬೈದಿದ್ದರೆ! ಬೈಯಲಿಲ್ಲ. ಶೊರನೂರಿನಲ್ಲಿ ಕಾಫಿ ತಂದುಕೊಟ್ಟೆ. ಕುಡಿದರು. "ನಿಮ್ಮ ರಜೆಯೂ ಹಾಳಾಯ್ತು" ಎಂದರು. ಆ ಮಾತಿಗಿಂತ ಬ್ಲೇಡು ಮೇಲು.

ಈಗ ಉಪದೇಶ ಬೇಕೇ ನಿಮಗೆ? ನನ್ನಲ್ಲಿ ಯಾವುದೂ ಉಳಿದಿಲ್ಲ. ಜೇಬನ್ನು ಮುಟ್ಟಿದರೆ ಕಳ್ಳನಿಗೆ ಗೊತ್ತಾಗುತ್ತದೆ. ಮುಟ್ಟದಿದ್ದರೆ ನಮಗೆ ಗೊತ್ತಾಗುವುದಿಲ್ಲ. ಹಣ ಕಳೆದುಕೊಂಡವನಿಗೆ ಠಾಣೆಯಲ್ಲಿ ಬರೆದುಕೊಳ್ಳಲು ಒಂದು ಪೆನ್ಸಿಲಾದರೂ ಇದೆ. ಬಾಯಿ ಕಳೆದುಕೊಂಡದ್ದಕ್ಕೆ ಯಾವ ರಿಜಿಸ್ಟರಿನಲ್ಲಿ ಕಾಲಂ ಇದೆ?

ಮೊನ್ನೆ ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಬಾಯಿ ನಮ್ಮ ಜಗಲಿಯ ಹತ್ತಿರ ನಿಂತರು. ಕೊಡೆ ಮಡಚಿದರು, ಪುನಃ ಬಿಡಿಸಿದರು.

"ಮಾಸ್ಟ್ರೇ, ಒಂದು ಕೇಳ್ಬೇಕಿತ್ತು. ಫೋಟೋದಲ್ಲಿ ಅವ ನಗಾಡ್ತಿದ್ನಾ?"

ನಾನು ಜಗಲಿಯಿಂದ ಎದ್ದು ನಿಂತೆ.

"ಒಂದೊಂದು ದಿನ ನಗಾಡಿದ ಹಾಗೆ ನೆನಪಾಗ್ತದೆ. ಒಂದೊಂದು ದಿನ ಇಲ್ಲ ಅಂತ ಆಗ್ತದೆ. ನೀವು ಕೈಯಲ್ಲಿ ಹಿಡಿದು ಕಾಗದ ಸುತ್ತಿದ್ದಲ್ವಾ, ನೀವು ಸರಿಯಾಗಿ ನೋಡಿರ್ತೀರಿ."

ಸುತ್ತಿದ್ದು ನಾನೇ. ಅಂಚು ಮುರಿಯದ ಹಾಗೆ, ಮೂಲೆ ಮಡಚದ ಹಾಗೆ, ಎಷ್ಟು ಜಾಗ್ರತೆಯಿಂದ ಸುತ್ತಿದ್ದೆ! ನನ್ನ ಕಣ್ಣೆಲ್ಲ ಆ ಅಂಚಿನ ಮೇಲೆ ಇತ್ತು. ಮುಖವನ್ನು ನಾನು ನೋಡಿರಲೇ ಇಲ್ಲ.

"ನಗಾಡ್ತಿದ್ದ ಬಾಯಿ" ಎಂದೆ. "ಸ್ವಲ್ಪ."

ಬಾಯಿಯ ಮುಖ ಅರಳಿತು. ಒಂದು ಮೆಟ್ಟಿಲು ಮೇಲೆ ಬಂದರು.

"ಹಲ್ಲು ಕಾಣ್ತಿತ್ತಾ?"

ಓದುಗರೇ, ಇದಕ್ಕೆ ನಾನು ಏನು ಹೇಳಲಿ?