ಮಾವನವರ ದುರ್ಬೀನಿನಲ್ಲಿ ಕಂಡದ್ದು

ಹೋದ ತಿಂಗಳು ಕಲಬುರಗಿಯ ಕಣ್ಣಿನ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಯಂತ್ರದ ಮುಂದೆ ಕೂಡಿಸಿದರು. ಗದ್ದ ಇಡಲು ಒಂದು ತಟ್ಟೆ, ಹಣೆ ಆನಿಸಲು ಒಂದು ಪಟ್ಟಿ. ಒಳಗೆ ಇಣುಕಿದರೆ ಕಪ್ಪು ಅಂಚಿನ ದುಂಡನೆಯ ಬೆಳಕು, ಅದರ ನಡುವೆ ಬಹಳ ದೂರದಲ್ಲಿ ಒಂದು ಪುಟ್ಟ ಮನೆಯ ಚಿತ್ರ. ಮೊದಲು ಮಸುಕು, ಆಮೇಲೆ ಟಕ್ಕನೆ ಸ್ವಚ್ಛ, ಮತ್ತೆ ಮಸುಕು. ಬಿಳಿ ಕೋಟಿನ ಹುಡುಗಿ ನನ್ನ ಭುಜ ಮುಟ್ಟಿ, "ಅಮ್ಮಾರೆ, ಉಸಿರಾಡ್ರಿ. ಉಸಿರು ಯಾಕ ಹಿಡಿದೀರಿ?" ಎಂದಳು. ಆಗ ಗೊತ್ತಾಯಿತು, ಅರ್ಧ ಉಸಿರು ಹೊರಗೆ ಬಿಟ್ಟು, ಉಳಿದರ್ಧ ಒಳಗೇ ನಿಲ್ಲಿಸಿಕೊಂಡು ಕೂತಿದ್ದೆ ನಾನು. ಬಲಗೈಯ ತೋರುಬೆರಳು ಸೀರೆಯ ನೆರಿಗೆಯ ಮೇಲೆ ತಾನಾಗಿಯೇ ಬಾಗಿ ಕೂತಿತ್ತು...

ಎರಡೂ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿದೆ, ಆಪರೇಷನ್ ಮಾಡಬೇಕು ಎಂದರು ಡಾಕ್ಟರು. ನಾನು ಹೂಂ ಎಂದೆ. ಆದರೆ ನನ್ನ ತಲೆಯೊಳಗೆ ಆಗಲೇ ಮಾವನವರು ಬಂದು ನಿಂತಿದ್ದರು.

ನನ್ನ ಗಂಡನ ತಂದೆ ಅವರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಳಂದ ತಾಲೂಕಿನ ಕಡಗಂಚಿಯಿಂದ ಅಫಜಲಪುರ ತಾಲೂಕಿನ ಅತನೂರ ಕಡೆಯ ಆ ಮನೆಗೆ ನಾನು ಸೊಸೆಯಾಗಿ ಬಂದೆ. ಗಂಡನಿಗೆ ಜೇವರ್ಗಿಯಲ್ಲಿ ಸರ್ಕಾರಿ ನೌಕರಿ, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದರು. ವಾರವಿಡೀ ಮನೆಯಲ್ಲಿ ಮಾವ, ಅತ್ತೆ ಮತ್ತು ನಾನು.

ಮಾವನವರು ಕೂತಲ್ಲಿ ಕೂಡುವವರಲ್ಲ. ಚಹಾ ಕೂಡ ಅಂಗಳದಲ್ಲಿ ಅಡ್ಡಾಡುತ್ತ ಕುಡಿಯುತ್ತಿದ್ದರು. ಬಿಳಿ ಧೋತರ, ತಲೆಗೆ ಬಿಳಿ ಪಟಕಾ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಪೂಜೆಗೆ ಕೂತಾಗ ಮಾತ್ರ ಅವರ ಮೈ ನಿಶ್ಚಲ. ಮಾಂಸದ ಹೆಸರೆತ್ತದ ಮನೆ ಅದು. ಆದರೆ ಗೋಡೆಗೆ ಒಂದು ರೈಫಲ್ ತೂಗುತ್ತಿತ್ತು, ನಿಜಾಮರ ಕಾಲದಲ್ಲಿ ಅವರ ತಂದೆ ತಂದದ್ದು. ಬೆಳೆ ಕಾಯಲು ಲೈಸೆನ್ಸ್ ಇತ್ತು. ಕಡಲೆ ಹೊಲಕ್ಕೆ ಚಿಗರಿಗಳು ನುಗ್ಗಿದಾಗ ಮಾವನವರು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು. ಅವು ಚಂಗನೆ ನೆಗೆದು ಓಡುತ್ತಿದ್ದವು, ಎರಡು ದಿನ ಬಿಟ್ಟು ಮತ್ತೆ ಬರುತ್ತಿದ್ದವು.

ಆ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಒಂದು ಸಂಜೆ, ಎಳೆಯ ಕಡಲೆ ಸಾಲುಸಾಲಾಗಿ ಬೋಳಾಗಿದ್ದು ಕಂಡು ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತಂತೆ. ನಳಿಗೆ ಕೆಳಗಿಳಿಸಿ ಹಿಂಡಿನೊಳಕ್ಕೇ ಹೊಡೆದುಬಿಟ್ಟರು. ಆ ರಾತ್ರಿ ರೊಟ್ಟಿ ಮುರಿಯಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಊರವರೇ ನೋಡಿ ಹೇಳಿದರು: ಒಂದು ಗಂಡು ಚಿಗರಿ, ಮುಂಗಾಲು ಮುರಿದು ಜೋತಾಡುತ್ತಿದೆ, ಹಿಂಡು ಅದನ್ನು ಬಿಟ್ಟು ಹೋಗಿದೆ.

ಅದು ಸಾಯಲೂ ಇಲ್ಲ, ವಾಸಿಯಾಗಲೂ ಇಲ್ಲ. ದಿನ ಬೆಳಗಾದರೆ ನಮ್ಮ ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತಿರುತ್ತಿತ್ತು. ಮೂರು ಕಾಲಿನಲ್ಲೇ ಮನುಷ್ಯನಿಗಿಂತ ಜೋರಾಗಿ ಓಡುತ್ತಿತ್ತು, ಹತ್ತಿರ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಗಾಯಕ್ಕೆ ನೊಣ ಮುತ್ತುತ್ತಿದ್ದವು. ಒಂದಲ್ಲ ಒಂದು ದಿನ ಊರನಾಯಿಗಳು ಅದನ್ನು ಜೀವಂತ ಹರಿಯುವುದು ಖಂಡಿತವಿತ್ತು.

"ದೇವರು ನೋಡ್ಕೋತಾನ, ಬಿಡ್ರಿ," ಎಂದರು ಅತ್ತೆ.

"ಕಾಲು ಮುರದಾಂವ ನಾನು. ಅದನ್ನ ದೇವರಿಗೆ ಯಾಕ ಹಚ್ಚಲಿ?" ಎಂದರು ಮಾವ.

ಹತ್ತಿರ ಹೋಗಲಾಗದು. ದೂರದಿಂದ ಬರಿಗಣ್ಣಿನಲ್ಲಿ ಹೊಡೆದರೆ ಇನ್ನೊಂದು ಕಾಲು ಮುರಿಯಬಹುದು. ಅದಕ್ಕೇ ಅವರು ಹೈದರಾಬಾದಿಗೆ ಹೋಗಿ ರೈಫಲ್ಲಿನ ಮೇಲೆ ದುರ್ಬೀನು ಕೂಡಿಸಿಕೊಂಡು ಬಂದರು. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕರಿಯ ಕೊಳವೆ, ಎರಡೂ ತುದಿಗೆ ಗಾಜಿನ ಬಿಲ್ಲೆ, ನಮ್ಮ ಕಡೆಯ ಮಾತಿನಲ್ಲಿ ಕಾಜು.

ಆ ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಮಾವನವರು ಅಲ್ಲೇ ಕಟ್ಟೆಯ ಮೇಲೆ ಚೀಲ ಇಟ್ಟು, ರೈಫಲ್ ಆನಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕಾಜು ಒರೆಸಿದರು. ಮತ್ತೆ ನೋಡಿದರು. ಧೋತರದ ಚುಂಗಿನಿಂದ ಮತ್ತೆ ಒರೆಸಿದರು. ಕೊನೆಗೆ ನನ್ನನ್ನು ಕರೆದು, ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿ, "ಯವ್ವಾ, ಈ ಕಾಜಿನಾಗ ಏನರೆ ಕಾಣ್ತದೇನು ನೋಡು. ಮೋಸ ಮಾಡ್ಯಾನ ಆ ಅಂಗಡ್ಯಾಂವ. ಬರೇ ಮಂಜು ತುಂಬ್ಯಾನ ಒಳಗ," ಎಂದರು.

ಸೆರಗು ಸರಿಮಾಡಿಕೊಂಡು ಬಗ್ಗಿ ನೋಡಿದೆ. ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಲೆ ಸ್ವಲ್ಪ ಹಿಂದೆ ತೆಗೆದೆ. ಬಾವಿಯ ಹತ್ತಿರದ ಬೇವಿನ ಗಿಡ ಎದುರಿಗೇ ಬಂದು ನಿಂತಂತಾಯಿತು.

"ಬೇವಿನ ಗಿಡದಾಗ ಕಾಗಿ ಕುಂತದ್ರಿ ಮಾವಾರೆ. ಬಾಯಾಗ ಕಡ್ಡಿ ಹಿಡದದ."

ಅವರು ಬೇವಿನ ಗಿಡದ ಕಡೆ ನೋಡಿದರು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ. ಆಮೇಲೆ, "ಕಾಜು ಚೊಲೋ ಅದ," ಎಂದರು. ಅಷ್ಟೇ. ರೈಫಲ್ ಎತ್ತಿಕೊಂಡು ಕೆಳಗಿಳಿಯುವಾಗ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದರು. ಅದುವರೆಗೆ ನಾನು ಅದನ್ನು ಗಮನಿಸಿರಲಿಲ್ಲ.

ಎರಡು ದಿನ ಮನೆಯಲ್ಲಿ ಅವರ ಹೆಜ್ಜೆಯ ಸಪ್ಪಳವೇ ಸಪ್ಪಳ. ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ. ಮೂರನೆಯ ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿದರು. "ನೀ ಕಲೀತೀಯೇನು, ಯವ್ವಾ?"

ಮಗನಿಗೆ ಹೇಳಬಹುದಿತ್ತು. ಆದರೆ ನನ್ನ ಗಂಡನಿಗೆ ಬಂದೂಕಿನ ಸಪ್ಪಳವೇ ಆಗುತ್ತಿರಲಿಲ್ಲ. ಊರಲ್ಲಿ ಬಂದೂಕು ಇದ್ದವರಿಗೆ ಹೇಳಿದರೆ ಇದೇ ನೆಪದಲ್ಲಿ ಹಿಂಡಿಗೆ ಹಿಂಡನ್ನೇ ಅಟ್ಟುತ್ತಾರೆ ಎಂಬ ಹೆದರಿಕೆ ಮಾವನವರಿಗಿತ್ತು. ನಾನು ಯಾಕೆ ಹೂಂ ಎಂದೆನೋ... ಹೊಸ ಮನೆಯಲ್ಲಿ ನನ್ನನ್ನು ಯಾರಾದರೂ ಒಂದು ಕೆಲಸಕ್ಕೆ ಅಂತ ಕರೆದದ್ದು ಅದೇ ಮೊದಲು. ಆ ಚಿಗರಿಯನ್ನು ನಾನೂ ದಿನಾ ನೋಡುತ್ತಿದ್ದೆ.

ಅತ್ತೆ ಕೆಂಡವಾದರು. "ಸೊಸಿ ಕೈಯಾಗ ಬಂದೂಕ ಕೊಡ್ತೀರೇನು? ಮಂದಿ ಏನಂದಾರು?" ಎಂದು ಕೂಗಾಡಿದರು. ಆದರೆ ಎರಡು ದಿನ ಕಳೆದ ಮೇಲೆ ಅವರೇ ಮಾವನವರ ಹಳೆಯ ಕೋಟಿನ ಬಲಭುಜಕ್ಕೆ ಹತ್ತಿ ತುಂಬಿ ಹೊಲಿದು ತಂದುಕೊಟ್ಟರು. "ಭುಜ ಕಪ್ಪಾದ್ರ ನಿನ್ನ ತವರವ್ರಿಗೆ ನಾ ಏನು ಹೇಳ್ಲಿ?" ಎಂದರು, ನನ್ನ ಮುಖ ನೋಡದೆ.

ಹಳ್ಳದ ದಂಡೆಯ ಎತ್ತರದ ಮಣ್ಣಿನ ಗೋಡೆಯೇ ನಮ್ಮ ಶಾಲೆ. ಕೆಲವು ವಾರ ಗುಂಡೇ ಇಲ್ಲದೆ ಕಲಿಸಿದರು. ಸೀರೆಯ ಮೇಲೆ ಕೋಟು ತೊಟ್ಟು, ಕುಸುಬಿ ತುಂಬಿದ ಚೀಲದ ಮೇಲೆ ರೈಫಲ್ ಆನಿಸಿ, ಹೊಟ್ಟೆಯ ಮೇಲೆ ಮಲಗಬೇಕು. ಕಣ್ಣಿಗೂ ದುರ್ಬೀನಿಗೂ ನಡುವೆ ನಾಲ್ಕು ಬೆರಳು ಜಾಗ. ಬೆಳಕಿನ ಅಂಚಿಗೆ ಕಪ್ಪು ಚಂದ್ರ ಕಂಡರೆ ತಲೆ ಸೊಟ್ಟಗಿದೆ ಎಂದರ್ಥ. ಅಡ್ಡಗೆರೆ ಉದ್ದಗೆರೆ ಕೂಡುವ ಜಾಗವನ್ನು ಗುರಿಯ ಮೇಲೆ ಇಟ್ಟು, ಅರ್ಧ ಉಸಿರು ಬಿಟ್ಟು, ಅಲ್ಲಿಗೇ ನಿಲ್ಲಿಸಿ, ಗುಂಡು ಹಾರಿಸುವ ಕುದುರೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು, ಜಗ್ಗಬಾರದು. ಬಿಸಿಲೇರಿದ ಮೇಲೆ ಕಪ್ಪುಮಣ್ಣಿನಿಂದ ಝಳ ಎದ್ದು ದುರ್ಬೀನಿನಲ್ಲಿ ಎಲ್ಲವೂ ನೀರಿನಲ್ಲಿದ್ದಂತೆ ಕುಣಿಯುತ್ತದೆ, ಆಗ ಮುಟ್ಟಲೇಬಾರದು. ಗಾಳಿ ನಾವಿದ್ದಲ್ಲಿ ಒಂದು ಥರ, ಗುರಿಯಿದ್ದಲ್ಲಿ ಇನ್ನೊಂದು ಥರ ಇರುತ್ತದೆ, ಅಲ್ಲಿಯ ಜೋಳದ ಗರಿ ನೋಡಬೇಕು.

ಮೊದಲ ಗುಂಡಿಗೇ ನಾಲ್ಕು ಬೆರಳಿನ ಪಾಠ ಮರೆತೆ. ರೈಫಲ್ ಒದ್ದು ದುರ್ಬೀನಿನ ಅಂಚು ಹುಬ್ಬಿಗೆ ಬಡಿಯಿತು, ರಕ್ತ ಇಳಿಯಿತು. ಮಾವನವರು ಧೋತರದ ಚುಂಗು ಹರಿದು ಒತ್ತಿ ಹಿಡಿದರು. ಗುಂಡು, ಗುರಿಗೆಂದು ಮಣ್ಣಿನ ಗೋಡೆಗೆ ಚುಚ್ಚಿದ್ದ ಕಾಗದದ ಎಡಕ್ಕೆ ಬಿದ್ದಿತ್ತು. ಅವರಿಗೆ ಕಾಣುತ್ತಿರಲಿಲ್ಲ. ನಾನೇ ಹೋಗಿ ನೋಡಿ ಬಂದು ಎಷ್ಟು ಬೆರಳು ಎಡಕ್ಕೆ ಎಂದು ಹೇಳಿದರೆ ಅವರು ದುರ್ಬೀನಿನ ಸಣ್ಣ ತಿರುಪನ್ನು ತಿರುಗಿಸುತ್ತಿದ್ದರು. ಹೀಗೆ ಮುಂಜಾನೆಗಟ್ಟಲೆ.

ಒಂದು ದಿನ ಕೊಟ್ಟಿಗೆಗೆ ಕರೆದೊಯ್ದು ಎತ್ತಿನ ಮುಂಗಾಲಿನ ಹಿಂದೆ ನನ್ನ ಅಂಗೈ ಇಡಿಸಿದರು. ಧಗಧಗ ಬಡಿದುಕೊಳ್ಳುತ್ತಿತ್ತು ಒಳಗೆ.

"ಇಲ್ಲಿ. ಇದರ ಹೊರಗ ಎಲ್ಲಿ ಬಿದ್ರೂ, ನಾ ಮಾಡಿದ್ದನ್ನ ನೀ ಮತ್ತ ಮಾಡಿದಂಗ," ಎಂದರು. ಎತ್ತಿನ ಬೆನ್ನು ತಟ್ಟುತ್ತ ಮತ್ತೆ ಹೇಳಿದರು: "ದುರ್ಬೀನು ದೂರಿದ್ದದ್ದನ್ನ ಹತ್ರ ತೋರಿಸ್ತದ. ಹತ್ರ ತರಂಗಿಲ್ಲ. ಗುಂಡು ಅಷ್ಟೂ ದೂರ ಹೋಗಬೇಕು. ಹೊಲದ ನಡುವಿನ ಬಾರಿಗಿಡದ ಆಚಿಗಿದ್ರ ಹಾರಿಸಬ್ಯಾಡ. ಎಷ್ಟು ಚಂದ ಕಂಡ್ರೂ ಬ್ಯಾಡ."

ಎಳ್ಳಮಾಸಿ ಬಂತು. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ನಾವೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಅತ್ತೆ ಬೆಳೆಯ ಸುತ್ತ ಭೂಮಿತಾಯಿಯ ಎಡೆಯಾಗಿ ಚರಗ ಚೆಲ್ಲಿ ಬಂದಿದ್ದರು. ಅಷ್ಟರಲ್ಲಿ ಕಡಲೆ ಹೊಲದ ಅಂಚಿಗೆ ಅದು ಬಂತು. ಬಾರಿಗಿಡದ ಈಚೆಗೆ, ಮೈ ಪೂರ್ತಿ ಅಡ್ಡ ಕೊಟ್ಟು ನಿಂತಿತು. ಮಾವನವರು ದಿನಾ ತರುವಂತೆ ರೈಫಲ್ ತಂದೇ ಇದ್ದರು. ನಾನು ಮಲಗಿದೆ. ಗೆರೆಗಳು ಮುಂಗಾಲಿನ ಹಿಂದೆ ಬಂದು ನಿಂತವು. ಕೈ ನಡುಗಲಿಲ್ಲ. ಉಸಿರು ನಿಲ್ಲಿಸಿದೆ. ಆಗ ಚಿಗರಿಯ ಬೆನ್ನಿನ ಮೇಲ್ಗಡೆ, ಬಹಳ ಹಿಂದೆ, ಜೋಳದ ನಡುವೆ ಒಂದು ಬಂಡಿಯ ಗಾಲಿ ಕಂಡಿತು. ಅದರ ಮೇಲೆ ಕೆಂಪು ಅಂಗಿಯ ಕೂಸು.

ಬೆರಳು ತೆಗೆದೆ.

"ಹಾರಿಸು," ಎಂದರು ಮಾವ, ಪಿಸುದನಿಯಲ್ಲಿ. ನಾನು ತಲೆ ಮೇಲೆತ್ತಿದೆ. "ಯಾಕ? ಕೈ ನಡಗಾಕತ್ತಾವೇನು?"

"ಇಲ್ರಿ. ಹಿಂದ ಬಂಡಿ ಬರಾಕತ್ತದ್ರಿ. ಮ್ಯಾಲ ಕೂಸು ಕುಂತದ."

ಅವರು ಕಪ್ಪುಮಣ್ಣಿನ ಮೇಲೆ ಕೈಯೂರಿ ಮುಂದಕ್ಕೆ ಬಗ್ಗಿದರು. ಆ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನೋಡಿದರು. ಅವರಿಗೆ ಬಂಡಿಯೂ ಇಲ್ಲ, ಕೂಸೂ ಇಲ್ಲ, ಚಿಗರಿಯೂ ಇಲ್ಲ, ಬರೀ ಬಿಸಿಲು. ರೈಫಲ್ ಇಸಿದುಕೊಂಡು, ಗುಂಡು ತೆಗೆದು ಕಿಸೆಗೆ ಹಾಕಿಕೊಂಡರು. ಊಟಕ್ಕೆ ಕೂತಾಗ ಅತ್ತೆಗೆ, "ನಿನ್ನ ಸೊಸಿಗೆ ಇನ್ನೊಂದು ಶೇಂಗಾ ಹೋಳಿಗಿ ಹಾಕು," ಎಂದರು. ತಾವು ಮಾತ್ರ ಏನೂ ಮುಟ್ಟಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಥಂಡಿ ಮುಂಜಾನೆ ಅದು ಮತ್ತೆ ಬಾರಿಗಿಡದ ಈಚೆಗೆ ಬಂತು. ಹಿಂದೆ ಹಳ್ಳದ ದಿಬ್ಬ ಬಿಟ್ಟರೆ ಏನೂ ಇರಲಿಲ್ಲ. ಜೋಳದ ಗರಿ ಅಲ್ಲಾಡುತ್ತಿರಲಿಲ್ಲ. ಹಾರಿಸಿದೆ. ರೈಫಲ್ ಮೇಲೆದ್ದು ದುರ್ಬೀನಿನಲ್ಲಿ ಬರೀ ಆಕಾಶ ತುಂಬಿತು.

"ಬಿತ್ತೇನು?"

ಮತ್ತೆ ಹುಡುಕಿದೆ. "ಬಿತ್ರಿ."

"ಕಾಲು ಆಡಸಾಕತ್ತದೇನು?"

"ಇಲ್ರಿ."

"ನೀ ಬರಬ್ಯಾಡ," ಎಂದು ಹೇಳಿ ಒಬ್ಬರೇ ಹೋದರು. ಮನುಷ್ಯರ ಕಡೆ ನಳಿಗೆ ತಿರುಗಿಸಬಾರದೆಂದು ಅವರೇ ಕಲಿಸಿದ್ದರಲ್ಲ, ರೈಫಲ್ ಪಕ್ಕಕ್ಕಿಟ್ಟು ಬರಿಗಣ್ಣಿನಲ್ಲೇ ನೋಡುತ್ತ ಕೂತೆ. ಬಿಳಿ ಪಟಕಾ ಸಣ್ಣದಾಗುತ್ತ ಹೋಯಿತು, ಬಗ್ಗಿತು, ಬಹಳ ಹೊತ್ತು ಮೇಲೇಳಲಿಲ್ಲ. ಆಮೇಲೆ ಮಾಂಸ ಕೇಳಲು ಬಂದವರನ್ನು ಸಾಗಹಾಕಿ ಅದನ್ನು ಬದುವಿನ ಬದಿಯಲ್ಲೇ ಹೂಳಿಸಿದರು.

ಇನ್ನಾದರೂ ಅವರಿಗೆ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲ. ಮರುದಿನವೂ ಅದೇ ಅಂಗಳ, ಅದೇ ಓಡಾಟ. ಚಿಗರಿ ಹೊಡೆಯಬಾರದೆಂಬ ಹೊಸ ಕಾನೂನು ಬಂದಾಗ, ಯಾರೂ ಕೇಳುವ ಮೊದಲೇ ರೈಫಲ್ಲನ್ನು ದುರ್ಬೀನಿನ ಸಮೇತ ಠಾಣೆಗೆ ಒಪ್ಪಿಸಿ ಬಂದರು. ಮುಂದೆ ಕಣ್ಣಿನ ಆಪರೇಷನ್ ಆಯಿತು. ದಪ್ಪ ಕಾಜಿನ ಚಷ್ಮಾ ಹಾಕಿಕೊಂಡು ಊರಿಗೆ ಬಂದವರೇ ಮೊದಲು ಮಾಳಿಗೆ ಹತ್ತಿದರು. ದೂರದಲ್ಲಿ ಹಿಂಡು ಮೇಯುತ್ತಿತ್ತು. ಒಂದೊಂದನ್ನೇ ನೋಡಿದರು, ಆದರೂ ನನ್ನನ್ನು ಕರೆದರು.

"ಯವ್ವಾ, ಎಲ್ಲಾವೂ ನಾಕು ಕಾಲಿನ ಮ್ಯಾಲ ಅದಾವಲ್ಲ?"

"ಹೌದ್ರಿ ಮಾವಾರೆ."

ನಾವು ಜೇವರ್ಗಿಗೆ ಬಿಡಾರ ಬದಲಿಸಿದ ಮೇಲೂ ನಾನು ಊರಿಗೆ ಹೋದಾಗಲೆಲ್ಲ ಅದೇ ಪ್ರಶ್ನೆ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಮಾಳಿಗೆ ಹತ್ತಿ, ನೋಡಿ, ಹೌದ್ರಿ ಎನ್ನುತ್ತಿದ್ದೆ. ಹಿಂಡು ಕಾಣದ ದಿನ ಅವರು ಊಟಕ್ಕೆ ತಡವಾಗಿ ಬರುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾವನವರು ತೀರಿಹೋದರು. ಸುದ್ದಿ ಕೇಳಿ ಜೇವರ್ಗಿಯಿಂದ ಬಂದಾಗ ಪಡಸಾಲೆಯಲ್ಲಿ ಅವರನ್ನು ಕೂಡಿಸಿದ್ದರು, ನಮ್ಮಲ್ಲಿ ಕೂಡಿಸುವ ಹಾಗೆ, ಪದ್ಮಾಸನ ಹಾಕಿಸಿ, ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟು. ಅಷ್ಟು ಹೊತ್ತು ಒಂದೇ ಕಡೆ ಕೂತ ಮಾವನವರನ್ನು ನಾನು ನೋಡಿದ್ದು ಅವತ್ತೇ. ಎಲ್ಲರೂ ಅಳುತ್ತಿದ್ದರು. ನನಗೆ ಅವರು ಈಗ ಎದ್ದು ಅಂಗಳಕ್ಕೆ ನಡೆದಾರು ಎನ್ನಿಸುತ್ತಿತ್ತು...

ಆಸ್ಪತ್ರೆಯಿಂದ ಬಂದ ಸಂಜೆ ಇದನ್ನೆಲ್ಲ ಮೊದಲ ಸಲ ಗಂಡನಿಗೆ ಬಿಡಿಸಿ ಹೇಳಿದೆ. ಯಾರಿಗೂ ಹೇಳದ ಇನ್ನೊಂದು ಮಾತನ್ನೂ ಹೇಳಿದೆ. ಆ ಮುಂಜಾನೆ ಬೆರಳು ಒತ್ತುವ ಮೊದಲು ಚಿಗರಿಯ ಮುಖ ಕಂಡಿತ್ತು ನನಗೆ. ಬಾಯಲ್ಲಿ ಒಂದು ಕಡಲೆ ಗಿಡ, ಅರ್ಧ ಒಳಗೆ ಅರ್ಧ ಹೊರಗೆ. ಕಿವಿ ಒಮ್ಮೆ ಅಲ್ಲಾಡಿಸಿತು, ನೊಣ ಓಡಿಸಲು. ಹೆದರಿರಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ಮೇಯುತ್ತಿರುವಾಗಲೇ ಅದರ ಪ್ರಾಣ ಹೋಯಿತು. ಮಾವನವರು ಬಿತ್ತೇ ಎಂದು ಕೇಳಿದರು, ಕಾಲು ಆಡಿಸುತ್ತಿದೆಯೇ ಎಂದು ಕೇಳಿದರು. ಅದಕ್ಕಿಂತ ಮೊದಲಿನದನ್ನು ಮಾತ್ರ ಅವರು ಸಾಯುವವರೆಗೂ ಕೇಳಲಿಲ್ಲ. ಕೇಳದೆ ಹೇಳಬಾರದೇನೋ ಎಂದು ನಾನೂ ಕಾದೆ.

ಗಂಡ ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಆಮೇಲೆ, "ಕೇಳಾಕ ಅಂಜಿರಬೇಕು ಅಪ್ಪ," ಎಂದರು. "ಅದು ಅಂಜಿದ್ದಿಲ್ಲ ಅಂತ ಗೊತ್ತಾಗಿದ್ರ ಒಂದು ದಿನರೆ ನಿದ್ದಿ ಮಾಡ್ತಿದ್ದ."

ಇರಬಹುದು. ಈಗ ಹೇಳೋಣವೆಂದರೆ ಕೇಳಲು ಅವರಿಲ್ಲ.