ಅಂಗೈಯ ತೆಂಗಿನಕಾಯಿ

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಮುಂಡಾಜೆಯಿಂದ ತೋಡಾರಿನವರೆಗೆ ನಾನು ತೋಡಿದ ಬಾವಿಗಳಲ್ಲಿ ಅದುವರೆಗೆ ಒಂದೂ ಬರಿದಾಗಿರಲಿಲ್ಲ. ಆ ಹೆಸರೇ ನನ್ನ ಆಸ್ತಿ.

ಸಿದ್ಧಕಟ್ಟೆಯ ಹತ್ತಿರ ನಿವೃತ್ತ ವಿಜ್ಞಾನ ಮಾಸ್ಟ್ರೊಬ್ಬರು ಬಾವಿಗೆಂದು ಕರೆದರು. ಹಿತ್ತಿಲ ಕೆಳಗಿನ ಮೂಲೆಯಲ್ಲಿ ಹುತ್ತವಿತ್ತು, ಬೇಸಿಗೆಯಲ್ಲೂ ಹುಲ್ಲು ಹಸಿರಾಗಿತ್ತು. "ಇಲ್ಲೇ ತೋಡುವ" ಎಂದೆ. ಅವರ ಹೆಂಡತಿಗೆ ಬಾವಿ ಅಡುಗೆಕೋಣೆಯ ಪಕ್ಕದಲ್ಲೇ ಬೇಕಿತ್ತು. ಹಾಗಾಗಿ ನೀರು ನೋಡುವ ಮುದುಕರೊಬ್ಬರನ್ನು ಕರೆಸಿದರು. ಅಂಗೈಯಲ್ಲಿ ಅಡ್ಡ ಮಲಗಿಸಿದ ತೆಂಗಿನಕಾಯಿ ನೀರಿದ್ದಲ್ಲಿ ಎದ್ದು ನಿಲ್ಲುತ್ತದಂತೆ. ಅದು ಅಡುಗೆಕೋಣೆಯ ಬಾಗಿಲಲ್ಲೇ ಎದ್ದು ನಿಂತಿತು.

"ಕಾಯಿಗೂ ಒಲೆಯ ಹತ್ತಿರವೇ ಇಷ್ಟ ಮಾರಾಯ್ರೆ!" ಎಂದು ನಕ್ಕೆ.

"ನಗಬೇಡಿ, ಇದರಲ್ಲಿ ಅಯಸ್ಕಾಂತದ ವಿಷಯ ಉಂಟು" ಎಂದರು ಮಾಸ್ಟ್ರು.

ಮುದುಕರು ಕಾಯಿಯನ್ನು ನನ್ನ ಕೈಗಿಟ್ಟರು. ತಮಾಷೆಗೆಂದು ಹಿಡಿದು ನಡೆದೆ. ನನ್ನ ಹುಲ್ಲಿನ ಮೂಲೆಗೆ ಬಂದದ್ದೇ ತಡ, ಕಾಯಿ ಎದ್ದು ನಿಂತಿತು! ಮೈ ಜುಮ್ಮೆಂದಿತು.

"ನಿಮ್ಮದು ಬಿಸಿ ಕೈ. ಸಾವಿರದಲ್ಲಿ ಒಬ್ಬರಿಗೆ ಮಾತ್ರ ಬರುವುದು" ಎಂದರು ಮುದುಕರು.

ಆಮೇಲೆ ನಾನು ಹುತ್ತದ ಮಾತೆತ್ತಲಿಲ್ಲ, ಹುಲ್ಲಿನ ಮಾತೂ ಎತ್ತಲಿಲ್ಲ. "ನನ್ನ ಕಾಯಿ ನಿಂತದ್ದು ಇಲ್ಲಿ" ಎಂದೇ ವಾದಿಸಿದೆ. ಮುದುಕರು ಬೆರಳು ಮಡಚಿ ಕಾಯಿ ಎಬ್ಬಿಸಿದ್ದನ್ನು ಕಂಡಿದ್ದೆ, ಅದನ್ನೂ ಹೇಳಿದೆ. "ನೀವೂ ಮಡಚಿದಿರಿ" ಎಂದರು ಮಾಸ್ಟ್ರು. ಎಂಥ ಸುಳ್ಳು ಎಂದು ನನಗೆ ಸಿಟ್ಟು ಬಂತು.

"ಹಾಗಾದರೆ ಕಣ್ಣು ಕಟ್ಟಿ ನೋಡುವ" ಎಂದರು ಮಾಸ್ಟ್ರ ಹೆಂಡತಿ ಅಕ್ಕ. ನನ್ನ ಹೆಗಲ ಬೈರಾಸನ್ನೇ ಕಣ್ಣಿಗೆ ಬಿಗಿದು ನನ್ನನ್ನು ಮೂರು ಸುತ್ತು ತಿರುಗಿಸಿ ಬಿಟ್ಟರು. ನನ್ನ ಮೂಲೆಗೆ ಬಂದೆನೆಂದು ಅನಿಸಿದಲ್ಲಿ ಕಾಯಿ ಟಣ್ಣನೆ ಎದ್ದಿತು. "ನೋಡಿ!" ಎಂದು ಬೈರಾಸು ಕಿತ್ತೆ. ಕಕ್ಕಸು ಗುಂಡಿಯ ಮೇಲೆ ನಿಂತಿದ್ದೆ.

ಅಕ್ಕ ನಗು ತಡೆಯಲಾರದೆ ಕುಳಿತೇಬಿಟ್ಟರು. ಮುದುಕರು ಮಾತ್ರ ಗಂಭೀರವಾಗಿ, "ಯಾಕೆ ನಗುವುದು? ಅಡಿಯಲ್ಲಿ ನೀರು ಇಲ್ಲವಾ?" ಎಂದರು. ಮಾಸ್ಟ್ರು ಹೌದೆಂದು ತಲೆಯಾಡಿಸಿದರು.

ನನ್ನ ಮಾತಿಗೆ ಇನ್ನು ಬೆಲೆಯೆಲ್ಲಿ? ಅಡುಗೆಕೋಣೆಯ ಪಕ್ಕದಲ್ಲೇ ತೋಡಿದೆ. ಹನ್ನೆರಡು ಕೋಲು, ಅಂದರೆ ಸುಮಾರು ಮೂವತ್ತು ಅಡಿ ಇಳಿದಾಗ ಕರಿಬಂಡೆ ಸಿಕ್ಕಿತು. ತೇವವೂ ಇಲ್ಲ. ನನ್ನ ಮೊದಲ ಬರಿಬಾವಿ.

ಮಾಸ್ಟ್ರು ಬಗ್ಗಿ ನೋಡಿ, "ನೀರು ಉಂಟು, ಬಂಡೆ ಅಡ್ಡ ಬಂದದ್ದು ಅಷ್ಟೇ" ಎಂದರು.

ನಾನು ಏಣಿ ಹತ್ತಿ ಬಂದು ಅವರನ್ನು ಕೆಳಗಿನ ಮೂಲೆಗೆ ಕರೆದೊಯ್ದೆ. ಹುತ್ತ ತೋರಿಸಿದೆ, ಹುಲ್ಲು ಕಿತ್ತು ಬೇರಿನ ಒದ್ದೆ ಮಣ್ಣನ್ನು ಅವರ ಅಂಗೈಯಲ್ಲಿಟ್ಟೆ.

ಅವರು ಅದನ್ನು ಹಿಚುಕಿ ನೋಡಿ ಕೇಳಿದರು: "ಇದನ್ನೆಲ್ಲ ಮೊದಲೇ ಹೇಳಬಾರದಿತ್ತಾ ಮಾರಾಯ್ರೆ?"

"ಹೇಳಲಿಕ್ಕೆಂದೇ ಬಂದದ್ದು ಮಾಸ್ಟ್ರೇ. ಬಿಸಿ ಕೈ ಅಂದರಲ್ಲ, ಅಲ್ಲಿಗೆ ಮರೆತುಹೋಯಿತು."