ನೆರಳಲ್ಲಿ ಒಣಗಬೇಕಿದ್ದ ಸೊಪ್ಪು

ಹುಲಿಯೂರುದುರ್ಗದ ನಾಟಿವೈದ್ಯದ ಅಜ್ಜಿ ಕೊಟ್ಟ ಸೊಪ್ಪಿನಲ್ಲಿ ಏನೂ ಇರಲಿಲ್ಲ, ಪಾಪ, ಕೆಮಿಸ್ಟ್ರಿ ಮೇಷ್ಟ್ರು ಅವಳನ್ನು ನಂಬಿ ಕೆಟ್ಟರು ಎಂದು ತುಮಕೂರಿನ ನಮ್ಮ ಕಾಲೇಜಿನಲ್ಲಿ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೇಷ್ಟ್ರ ಸಂಶೋಧನೆಗೆ ಸಹಾಯಕನಾಗಿ ಅಲ್ಲಿ ನಾನಿದ್ದೆ.

ಗಾಯ ಮಾಯಿಸುವ ಸೊಪ್ಪುಗಳಿಂದ ಹೊಸ ಔಷಧಿ ಹುಡುಕುವುದು ಮೇಷ್ಟ್ರ ಸಂಶೋಧನೆ. ಯಾವ ಎಲೆ ಸಿಕ್ಕರೂ ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿ ಮೂಸುವರು. "ಮೆಷಿನ್ ಆಮೇಲೆ. ಮೂಗು ಸುಳ್ಳು ಹೇಳಲ್ಲ ಕಣಯ್ಯ," ಎನ್ನುವರು.

ಸೊಪ್ಪು ಕೊಡುವಾಗ ಅಜ್ಜಿ ನನಗೆ ಹೇಳಿದ್ದಳು: "ನೆಳ್ಳಲ್ಲೇ ಒಣಗ್ಸಪ್ಪ. ಬಿಸ್ಲು ಬಿದ್ರೆ ಸತ್ತೋಯ್ತದೆ."

"ಕಿತ್ತಾಗ್ಲೇ ಸತ್ತೋಯ್ತಲ್ಲಜ್ಜಿ, ಇನ್ನೆಷ್ಟು ಸಲ ಸಾಯುತ್ತೆ?"

"ಮಾತಲ್ಲಿ ನೀನೇ ಗೆದ್ದೆ, ಬುಡು," ಎಂದು ನಕ್ಕಳು.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದ ನನಗೆ ಅದು ಬರೀ ಮೂಢನಂಬಿಕೆ. ಮೇಷ್ಟ್ರು ಊರಲ್ಲಿಲ್ಲದ ವಾರ ಸೊಪ್ಪನ್ನು ತಾರಸಿಯ ಬಿಸಿಲಿಗೆ ಹರಡಿದೆ. ಎರಡೇ ದಿನಕ್ಕೆ ಗರಿಗರಿಯಾಯಿತು. ಹಿಂತಿರುಗಿದ ಮೇಷ್ಟ್ರು ಒಂದೆಲೆ ಉಜ್ಜಿ ಮೂಸಿದರು. ಮತ್ತೊಮ್ಮೆ ಮೂಸಿದರು. ನನ್ನ ಮುಖ ನೋಡಿ ಎಲೆಯನ್ನು ಮತ್ತೆ ರಾಶಿಗೇ ಹಾಕಿದರು.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸೊಪ್ಪನ್ನು ಪಟ್ಟಿಯಿಂದ ತೆಗೆದರು. "ಅಜ್ಜಿ ಚೆನ್ನಾಗಿ ಟೋಪಿ ಹಾಕ್ತು ಸಾರ್," ಎಂದು ಲ್ಯಾಬಿನವರು ನಕ್ಕಾಗ ನಾವಿಬ್ಬರೂ ಬಾಯಿ ಬಿಡಲಿಲ್ಲ.

ಬಿಸಿಲಿಗೇ ಅದರ ಗುಣ ಹೋಯಿತೆಂದು ನಾನು ಸಾಧಿಸಲಾರೆ, ನೆರಳಲ್ಲಿ ಒಣಗಿಸಿ ನೋಡಲೇ ಇಲ್ಲವಲ್ಲ. ಅವಳು ಹೇಳಿದಂತೆ ಒಣಗಿಸಿ ಪರೀಕ್ಷಿಸದೆಯೇ ಅವಳನ್ನು ಸುಳ್ಳುಗಾತಿ ಮಾಡಿದೆವು, ಅಷ್ಟು ಮಾತ್ರ ಸತ್ಯ.

ನಾನು ಹೆದರಿ ಸುಮ್ಮನಿದ್ದೆ, ಒಪ್ಪಿಕೊಳ್ಳುತ್ತೇನೆ. ಆದರೆ ಸಾರ್, ನಿಮ್ಮ ಮೂಗಿಗೆ ಅವತ್ತೇ ಗೊತ್ತಾಗಿತ್ತಲ್ಲವೇ? ಅಜ್ಜಿಯ ಹೆಸರು ಕೆಡುವಾಗ ನೀವೇಕೆ ಸುಮ್ಮನಿದ್ದಿರಿ?